ಮಾದಕವಸ್ತು ಕಾರ್ಯಾಚರಣೆ ಫಲ ಕೊಟ್ಟಿತೇ? ನಾನು ಅಳೆಯುವ ಬಗೆ

ಜಪ್ತಿಯಾದ ಮಾಲಿನ ತೂಕದಿಂದ ಪೊಲೀಸರು ಎಷ್ಟು ದುಡಿದರು ಎಂಬುದು ತಿಳಿಯುತ್ತದೆ, ಬೀದಿಯಲ್ಲಿ ಮಾಲು ಕಡಿಮೆಯಾಯಿತೇ ಎಂಬುದು ತಿಳಿಯುವುದಿಲ್ಲ. ಪೂರೈಕೆ ಹೆಚ್ಚಿದಾಗಲೂ ಜಪ್ತಿ ಹೆಚ್ಚುತ್ತದೆ.

ಆದರೂ ಶುರು ಮಾಡುವುದು ಜಪ್ತಿ ದಾಖಲೆಯಿಂದಲೇ. ಅಲ್ಲಿ ಕೆಲವು ಸಾಲುಗಳಲ್ಲಿ ಪೊಟ್ಟಣದ ಸಮೇತ ತೂಕ, ಕೆಲವದರಲ್ಲಿ ನಿವ್ವಳ ತೂಕ ಇರುತ್ತದೆ. ಬೇರು, ಕಾಂಡ ಸಮೇತ ತೂಗಿದ ಹಸಿ ಗಾಂಜಾ ಗಿಡವೂ ಒಣಗಿದ ಗಾಂಜಾದ ಲೆಕ್ಕಕ್ಕೇ ಸೇರಿರುತ್ತದೆ. ಇವನ್ನೆಲ್ಲ ಬೇರೆ ಮಾಡಿ, ಒಟ್ಟು ಕಿಲೋ ಬದಲು ಪ್ರತಿ ಪ್ರಕರಣದ ತೂಕದ ಮಧ್ಯಾಂಕ (ಏರಿಕೆ ಕ್ರಮದಲ್ಲಿ ಇಟ್ಟಾಗ ನಟ್ಟನಡುವೆ ಬರುವ ಅಂಕಿ) ತೆಗೆಯುತ್ತೇನೆ. ಒಂದೇ ಲಾರಿ ಸಿಕ್ಕಿಬಿದ್ದರೂ ವರ್ಷದ ಮೊತ್ತ ಜಿಗಿದುಬಿಡುತ್ತದೆ.

ನಾನು ಹೆಚ್ಚು ನೆಚ್ಚುವುದು ಶುದ್ಧತೆಗೆ ಹೊಂದಿಸಿದ ಬೆಲೆಯನ್ನು. ಗ್ರಾಂ ಪುಡಿಗೆ 100, ಶುದ್ಧತೆ ಶೇ 40 ಎನ್ನೋಣ. ಅಪ್ಪಟ ಗ್ರಾಂಗೆ 250 ಬಿತ್ತು. ದಾಳಿಯ ನಂತರ ಬೆಲೆ 100ರಲ್ಲೇ ನಿಂತು ಶುದ್ಧತೆ ಶೇ 20ಕ್ಕೆ ಇಳಿದರೆ ಅಪ್ಪಟ ಗ್ರಾಂ 500 ಆಯಿತು. ಮಾರುವವರು ಬೆಲೆ ಏರಿಸುವ ಬದಲು ಕಲಬೆರಕೆ ಹೆಚ್ಚಿಸುತ್ತಾರೆ, ಬರೀ ಬೆಲೆ ನೋಡಿದವರಿಗೆ ಇದು ಕಾಣುವುದೇ ಇಲ್ಲ. ಚಿಲ್ಲರೆ ಮಾದರಿಯನ್ನು ಚಿಲ್ಲರೆಯೊಂದಿಗೇ ಹೋಲಿಸಬೇಕು. ಸಗಟಿನ ದರ ಬೆರೆತರೆ ಲೆಕ್ಕ ಕೆಡುತ್ತದೆ.

ಬಳಕೆ ತಿಳಿಯಲು ಚರಂಡಿ ನೀರು ಒಳ್ಳೆಯ ಸಾಕ್ಷಿ. ಶುದ್ಧೀಕರಣ ಘಟಕದ ಒಳಹರಿವಿನಿಂದ 24 ಗಂಟೆಯ ಮಿಶ್ರ ಮಾದರಿ, ಸತತ 7 ದಿನ. ಸಾಂದ್ರತೆಯನ್ನು ಆ ದಿನದ ಹರಿವಿನಿಂದ ಗುಣಿಸಿ, 1000 ಜನರಿಗೆ ದಿನಕ್ಕೆ ಎಷ್ಟು ಮಿಲಿಗ್ರಾಂ ಎಂದು ಬರೆಯಬೇಕು. ಕೊಕೇನ್‌ಗೆ ಹುಡುಕಬೇಕಾದ್ದು ದೇಹದಲ್ಲಿ ಅದರಿಂದ ಹುಟ್ಟುವ ಬೆಂಜೊಯ್ಲ್‌ಎಕ್ಗೊನಿನ್. ದಾಳಿಯ ಸುದ್ದಿಗೆ ಹೆದರಿ ಮಾಲನ್ನು ಚರಂಡಿಗೆ ಸುರಿದರೆ ಕೊಕೇನ್ ಏರುತ್ತದೆ, ಬೆಂಜೊಯ್ಲ್‌ಎಕ್ಗೊನಿನ್ ಅದಕ್ಕೆ ತಕ್ಕಂತೆ ಏರುವುದಿಲ್ಲ.

ಕಾರ್ಯಾಚರಣೆ ನಡೆದ ಪ್ರದೇಶದ ಜೊತೆ ಇನ್ನೆರಡನ್ನು ಇಟ್ಟುಕೊಳ್ಳುತ್ತೇನೆ: ವ್ಯಾಪಾರ ಸರಿದು ಹೋಗಬಹುದಾದ ಪಕ್ಕದ ಪ್ರದೇಶ, ಮತ್ತು ಇದರ ಗಾಳಿಯೂ ತಾಗದಷ್ಟು ದೂರದ, ಆದರೆ ಹೋಲುವ ಪ್ರದೇಶ. ಹಿಂದಿನ ಎರಡು ವರ್ಷಗಳ ತಿಂಗಳವಾರು ಅಂಕಿಗಳಾದರೂ ಬೇಕು. ವ್ಯಾಪಾರ ಮಿತಿಮೀರಿದ ತಿಂಗಳಲ್ಲೇ ದಾಳಿ ನಡೆಯುವುದರಿಂದ, ಮುಂದಿನ ಇಳಿಕೆಯಲ್ಲಿ ಒಂದು ಪಾಲು ತಾನಾಗಿಯೇ ಆಗುವಂಥದ್ದು.

ಸಾವುಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ಯಾವ ಅಳತೆಯೂ ಪೂರ್ತಿಯಲ್ಲ. ಅಮೆರಿಕದ ಇಂಡಿಯಾನಾಪೊಲಿಸ್‌ ನಗರದ 2020–21ರ ದತ್ತಾಂಶದಲ್ಲಿ, ಓಪಿಯಾಯ್ಡ್ (ಹೆರಾಯಿನ್, ಫೆಂಟನಿಲ್‌ನಂಥ ಮಾದಕ) ಜಪ್ತಿಯ ನಂತರದ ಮೂರು ವಾರಗಳಲ್ಲಿ ಸುತ್ತಲಿನ 500 ಮೀಟರ್‌ ಒಳಗೆ ಮಿತಿಮೀರಿದ ಸೇವನೆಯ ಸಾವುಗಳು ಹೆಚ್ಚಿದ್ದವು. ಪರಿಚಿತ ಮಾರಾಟಗಾರ ಜೈಲಿಗೆ ಹೋದರೆ ವ್ಯಸನಿ ಗೊತ್ತಿಲ್ಲದ ಮಾಲಿಗೆ ಕೈಚಾಚುತ್ತಾನೆ. ಅದಕ್ಕೇ ಜಪ್ತಿಯ ದಿನಾಂಕ, ಸ್ಥಳದ ಪಕ್ಕದಲ್ಲೇ ಆಂಬುಲೆನ್ಸ್ ಕರೆಗಳನ್ನು 7, 14, 21 ದಿನಗಳಿಗೆ ಎಣಿಸುತ್ತೇನೆ. ಅಲ್ಲಿ ಏರಿಕೆ ಕಂಡರೆ ವರದಿ ಮುಗಿಯುವವರೆಗೆ ಕಾಯದೆ ಆ ಬೀದಿಗೆ ನಾಲೊಕ್ಸೋನ್ (ಓಪಿಯಾಯ್ಡ್ ಮಿತಿಮೀರಿದಾಗ ಜೀವ ಉಳಿಸುವ ಔಷಧ) ತಲುಪಿಸಬೇಕು.