ಕ್ಯೂ6600 ಪ್ರೊಸೆಸರನ್ನು 3 ಗಿಗಾಹರ್ಟ್ಸ್‌ಗೆ ಏರಿಸಿದ್ದು ಹೀಗೆ

ಇಂಟೆಲ್‌ನ ಕೋರ್ 2 ಕ್ವಾಡ್ ಕ್ಯೂ6600 ಬಂದದ್ದು 2007ರಲ್ಲಿ. ಈಗ ಸೆಕೆಂಡ್ ಹ್ಯಾಂಡ್‌ನಲ್ಲೂ ಯಾರೂ ಕೇಳುವುದಿಲ್ಲ. ಆದರೆ ಬಸ್ (ಚಿಪ್ಪುಗಳ ನಡುವೆ ಡೇಟಾ ಓಡಾಡುವ ದಾರಿ) ಮತ್ತು ವೋಲ್ಟೇಜಿನ ಲೆಕ್ಕ ನನಗೆ ತಲೆಗೆ ಹತ್ತಿದ್ದು ಅದರಲ್ಲೇ.

ಅದರ ವೇಗ 2.4 ಗಿಗಾಹರ್ಟ್ಸ್. ಇದೊಂದು ಗುಣಾಕಾರ, ಅಷ್ಟೇ. ಮದರ್‌ಬೋರ್ಡ್ ಕೊಡುವ ಮೂಲ ಕ್ಲಾಕ್ 266 ಮೆಗಾಹರ್ಟ್ಸ್, ಪ್ರೊಸೆಸರಿನ ಮಲ್ಟಿಪ್ಲೈಯರ್ 9. ಡಬ್ಬದ ಮೇಲೆ ಮಾತ್ರ ಎಫ್‌ಎಸ್‌ಬಿ, ಅಂದರೆ ಪ್ರೊಸೆಸರಿನ ಬಸ್, 1066 ಎಂದಿರುತ್ತದೆ. ಒಂದು ಕ್ಲಾಕಿಗೆ ನಾಲ್ಕು ಸಲ ಡೇಟಾ ಹೋಗುತ್ತದೆ, ಅದಕ್ಕೆ ನಾಲ್ಕು ಪಟ್ಟು ಮಾಡಿ ಹಾಕುತ್ತಾರೆ. ರ‍್ಯಾಮಿನದೂ ಇದೇ ಕಥೆ. ಡಿಡಿಆರ್2-800 ಎಂದು ಮಾರಿದರೂ ಅದರ ಕ್ಲಾಕ್ 400. ಬಯಾಸ್‌ಗೆ (ಮದರ್‌ಬೋರ್ಡಿನ ಸೆಟ್ಟಿಂಗ್ ಪರದೆಗೆ) ಕೈ ಹಾಕುವ ಮುಂಚೆ ಈ ಅಸಲಿ ಸಂಖ್ಯೆಗಳನ್ನೆಲ್ಲ ಒಂದು ಹಾಳೆಯಲ್ಲಿ ಬರೆದುಕೊಂಡೆ.

ಕ್ಯೂ6600ರ ಮಲ್ಟಿಪ್ಲೈಯರ್ 9ರ ಮೇಲೆ ಹೋಗುವುದಿಲ್ಲ, 6ರವರೆಗೆ ಇಳಿಸಬಹುದು. ಹಾಗಾಗಿ ವೇಗ ಬೇಕೆಂದರೆ ಎಫ್‌ಎಸ್‌ಬಿಯನ್ನೇ, ಅಂದರೆ ಆ 266ರ ಮೂಲ ಕ್ಲಾಕನ್ನೇ ಏರಿಸಬೇಕು. ತೊಂದರೆ ಏನೆಂದರೆ, ಅದರ ಜೊತೆಗೆ ನಾರ್ತ್‌ಬ್ರಿಡ್ಜ್ (ಪ್ರೊಸೆಸರ್ ಮತ್ತು ಮೆಮೊರಿ ನಡುವಿನ ಬೋರ್ಡಿನ ಚಿಪ್) ಮತ್ತು ರ‍್ಯಾಮ್ ಕೂಡ ಏರುತ್ತವೆ. ಮಷೀನು ಹ್ಯಾಂಗ್ ಆದರೆ ಮೂವರಲ್ಲಿ ಸೋತವರು ಯಾರೆಂದು ಗೊತ್ತಾಗುವುದಿಲ್ಲ, ಅಲ್ವಾ? ಅದಕ್ಕೆ ಒಬ್ಬೊಬ್ಬರನ್ನೇ ಪರೀಕ್ಷೆ ಮಾಡಿದೆ.

ಮೊದಲು ಕಾರ್ಡುಗಳು ಕೂರುವ ಬಸ್ಸುಗಳಾದ ಪಿಸಿಐ ಎಕ್ಸ್‌ಪ್ರೆಸ್ಸನ್ನು 100ಕ್ಕೆ, ಪಿಸಿಐಯನ್ನು 33ಕ್ಕೆ ಲಾಕ್ ಮಾಡಿದೆ. ಇವು ಓಲಾಡಿದರೆ ಡಿಸ್ಕಿನ ಡೇಟಾಕ್ಕೇ ಕುತ್ತು ಬರಬಹುದು. ಆಮೇಲೆ ಮಲ್ಟಿಪ್ಲೈಯರ್ 6ಕ್ಕೆ ಇಳಿಸಿ, ರ‍್ಯಾಮನ್ನು 1:1 ಅನುಪಾತದಲ್ಲಿಟ್ಟು (ಮೂಲ ಕ್ಲಾಕೇ ಅದಕ್ಕೂ), ಎಫ್‌ಎಸ್‌ಬಿಯನ್ನು 333ಕ್ಕೆ, ನಂತರ 400ಕ್ಕೆ ಒಯ್ದೆ. 400ರಲ್ಲೂ ಪ್ರೊಸೆಸರ್ ಓಡುವುದು ತನ್ನ ಮಾಮೂಲಿ 2.4ರಲ್ಲೇ, ರ‍್ಯಾಮ್ ತನ್ನ 800ರಲ್ಲೇ. ಏನಾದರೂ ಕೆಟ್ಟರೆ ಅನುಮಾನ ನೇರವಾಗಿ ಬೋರ್ಡಿನ ಮೇಲೆ. ನನ್ನದು ಪಿ35 ಚಿಪ್‌ಸೆಟ್, ತಕರಾರಿಲ್ಲದೆ ಓಡಿತು. ರ‍್ಯಾಮಿನ ಲೇಬಲ್ ಮೇಲೆ 2.1 ವೋಲ್ಟ್ ಎಂದಿತ್ತು, ಬಯಾಸ್ ತಾನಾಗಿ ಕೊಡುತ್ತಿದ್ದದ್ದು ಡಿಡಿಆರ್2ರ ಮಾಮೂಲಿ 1.8. ಅದನ್ನು ಕೈಯಾರೆ ಸರಿ ಮಾಡಿ, ಮೆಮೊರಿ ಪರೀಕ್ಷಿಸುವ ಮೆಮ್‌ಟೆಸ್ಟ್86+ ಅನ್ನು ರಾತ್ರಿಯಿಡೀ ಓಡಲು ಬಿಟ್ಟೆ.

ಈಗ ಪ್ರೊಸೆಸರಿನ ಸರದಿ. ಮಲ್ಟಿಪ್ಲೈಯರ್ ಮತ್ತೆ 9, ಎಫ್‌ಎಸ್‌ಬಿ 300, ಅಂದರೆ 2.7. ನಂತರ 333, ಅಂದರೆ 3.0. ವೋಲ್ಟೇಜನ್ನು ಯಾವತ್ತೂ ‘ಆಟೋ’ದಲ್ಲಿ ಬಿಡಬೇಡಿ. ಎಫ್‌ಎಸ್‌ಬಿ ಏರಿತೆಂದು ಕೆಲವು ಬೋರ್ಡುಗಳು ಸುಮ್ನೆ ಬೇಕಾದ್ದಕ್ಕಿಂತ ಜಾಸ್ತಿ ಕೊಟ್ಟುಬಿಡುತ್ತವೆ. ನಾನು 1.2875 ವೋಲ್ಟ್‌ನಲ್ಲಿ ಶುರು ಮಾಡಿದೆ. ಪ್ರೊಸೆಸರನ್ನು ಪೂರ್ತಿ ದುಡಿಸಿ ನೋಡುವ ಪ್ರೈಮ್95ರ ಸ್ಮಾಲ್ ಎಫ್‌ಎಫ್‌ಟಿ ಪರೀಕ್ಷೆ ಹಾಕಿದರೆ ಲೆಕ್ಕವೆಲ್ಲ ಪ್ರೊಸೆಸರಿನೊಳಗಿನ ಮೆಮೊರಿಯಾದ ಕ್ಯಾಶ್‌ನಲ್ಲೇ ನಡೆಯುತ್ತದೆ, ರ‍್ಯಾಮಿಗೆ ಹೆಚ್ಚು ಕೆಲಸವಿಲ್ಲ. ಅಲ್ಲಿ ಒಂದು ಕೋರ್ ರೌಂಡಿಂಗ್ ಎರರ್ ಎಂದು ನಿಂತರೆ ಹೆಚ್ಚಾಗಿ ಕೋರ್ ವೋಲ್ಟೇಜ್ ಸಾಲದು ಎಂದು ಅರ್ಥ. ನನಗೆ ನಿಂತಿತು. ಒಂದು ಮೆಟ್ಟಿಲು ಏರಿಸಿ 1.30 ಕೊಟ್ಟೆ, ಸರಿಹೋಯಿತು.

ಪ್ರೊಸೆಸರಿನ ವಿವರ ತೋರಿಸುವ ಸಿಪಿಯು-ಝಡ್‌ನಲ್ಲಿ ಮಾತ್ರ 1.30 ಕಾಣುವುದಿಲ್ಲ. ಲೋಡ್ ಬಿದ್ದಾಗ ಅದಕ್ಕಿಂತ ಕಡಿಮೆ ತೋರಿಸುತ್ತದೆ. ಇದನ್ನು ವಿಡ್ರೂಪ್ ಎನ್ನುತ್ತಾರೆ. ಬೋರ್ಡ್ ಕೆಟ್ಟಿಲ್ಲ. ಲೋಡ್ ಫಟ್ಟನೆ ಇಳಿದಾಗ ವೋಲ್ಟೇಜ್ ಮೇಲೆ ಹಾರಿ ಮಿತಿ ದಾಟದಿರಲಿ ಎಂದು ಇಂಟೆಲ್ ಬೇಕೆಂದೇ ಇಟ್ಟದ್ದು.

3.4ಕ್ಕೂ ಹೋಗಿ ನೋಡಿದೆ. 378ಕ್ಕೆ 9. ಅದು ನಿಲ್ಲಲು 1.425 ಬೇಕಾಯಿತು. ಇಲ್ಲಿ ಲೆಕ್ಕ ಹಾಕಲೇಬೇಕು. ಚಿಪ್ಪಿನ ಬಿಸಿ ವೇಗದ ಜೊತೆ ನೇರವಾಗಿ ಏರುತ್ತದೆ, ವೋಲ್ಟೇಜಿನ ಜೊತೆ ವರ್ಗವಾಗಿ ಏರುತ್ತದೆ. 2.4ರಿಂದ 3.0ಕ್ಕೆ ಬಂದಾಗ ವೇಗ 25 ಪರ್ಸೆಂಟ್, ಬಿಸಿ ಸುಮಾರು 27 ಪರ್ಸೆಂಟ್ ಜಾಸ್ತಿ. ನ್ಯಾಯವಾದ ವ್ಯಾಪಾರ. 3.0ರಿಂದ 3.4ಕ್ಕೆ ವೇಗ ಬರೀ 13 ಪರ್ಸೆಂಟ್, ಬಿಸಿ ಮಾತ್ರ 36 ಪರ್ಸೆಂಟ್. ಇದು ಶೋಕಿ. ನಾನು 3.0ಕ್ಕೆ ವಾಪಸ್ ಬಂದೆ.

ನಮ್ಮ ಬಳ್ಳಾರಿ ಕಡೆ ಇನ್ನೊಂದು ಮಾತಿದೆ. ಡಿಸೆಂಬರ್‌ನಲ್ಲಿ ಪಾಸಾದ ಸೆಟ್ಟಿಂಗನ್ನು ನಂಬಬಾರದು. ನನ್ನದು ಜಿ0 ಸ್ಟೆಪಿಂಗ್, ಅಂದರೆ ಅದೇ ಚಿಪ್ಪಿನ ಒಂದು ಆವೃತ್ತಿ. ಅದರ ಹೊರಕವಚಕ್ಕೆ ಇಂಟೆಲ್ ಹಾಕಿದ ಮಿತಿ 71 ಡಿಗ್ರಿ. ರೂಮೇ 38 ಡಿಗ್ರಿ ಇದ್ದರೆ ಕೂಲರ್‌ಗೆ ಉಳಿಯುವ ಜಾಗ ಎಷ್ಟು? ಬೆಂಗಳೂರಿನ ಎಸ್‌ಪಿ ರೋಡಿನಿಂದ ಟವರ್ ಕೂಲರ್ ತಂದು ಹಾಕಿದ್ದೆ. ಆದರೂ ಏಪ್ರಿಲ್ ಮಧ್ಯಾಹ್ನ ರೂಮಿನ ಫ್ಯಾನ್ ಆಫ್ ಮಾಡಿ ಪ್ರೈಮ್95 ಮತ್ತೆ ಓಡಿಸಿದ ಮೇಲೇ ನೆಮ್ಮದಿ.

ಈಗಿನ ಮಷೀನುಗಳಲ್ಲಿ ಈ ಆಟ ಬೇರೆ. 2011ರ ಸ್ಯಾಂಡಿ ಬ್ರಿಡ್ಜ್‌ನಿಂದ ಇಂಟೆಲ್ ಮೂಲ ಕ್ಲಾಕನ್ನು 100ಕ್ಕೆ ಇಳಿಸಿ ಪಿಸಿಐ ಎಕ್ಸ್‌ಪ್ರೆಸ್, ಡಿಸ್ಕಿನ ಸಾಟಾ ಎಲ್ಲವನ್ನೂ ಅದಕ್ಕೇ ಕಟ್ಟಿಹಾಕಿತು. ಆ ಚಿಪ್ಪುಗಳಲ್ಲಿ ಕೆಲವೇ ಮೆಗಾಹರ್ಟ್ಸ್ ಏರಿಸಿದರೂ ಎಲ್ಲ ಒಟ್ಟಿಗೆ ಕೈಕೊಡುತ್ತಿದ್ದವು. ಕೆ ಅಕ್ಷರ ಇರುವ ಚಿಪ್ ಕೊಂಡು ಮಲ್ಟಿಪ್ಲೈಯರ್ ಏರಿಸುವುದೇ ಮಾಮೂಲಿ ದಾರಿಯಾಯಿತು. ನನ್ನ ಈಗಿನ ಎಎಂಡಿ ರೈಜೆನ್ 5000 ಸರಣಿಯ ಪ್ರೊಸೆಸರಿನಲ್ಲಿ ಮೂಲ ಕ್ಲಾಕನ್ನು ಮುಟ್ಟಿಯೇ ಇಲ್ಲ. ಡಿಡಿಆರ್4-3600 ರ‍್ಯಾಮ್ ಹಾಕಿ, ಚಿಪ್ಪಿನ ಒಳಭಾಗಗಳನ್ನು ಜೋಡಿಸುವ ಫ್ಯಾಬ್ರಿಕ್ ಕ್ಲಾಕ್ 1800ರಲ್ಲಿ 1:1 ಕೂತಿದೆಯೇ ಎಂದು ನೋಡಿ ಬಯಾಸ್ ಮುಚ್ಚಿದೆ.