ಮಳೆಗಾಲದಲ್ಲೂ ಕರಿಯನ ಮೈ ನಾರದಂತೆ ಮಾಡಿದ್ದು

ಪುಷ್ಯ ಮಳೆ ಹಿಡಿಯಿತು ಅಂದರೆ ನಮ್ಮ ತೀರ್ಥಹಳ್ಳಿ ಕಡೆ ವಾರಗಟ್ಟಲೆ ಬಿಸಿಲು ಕಾಣುವುದಿಲ್ಲ. ನಮ್ಮ ನಾಯಿ ಕರಿಯ ಲ್ಯಾಬ್ರಡಾರ್ ಮಿಶ್ರತಳಿ, ಒಳಗೂದಲು ದಟ್ಟ. ತೋಟ ಸುತ್ತಿ ಜಗಲಿ ಹತ್ತಿದರೆ ಮನೆಯೆಲ್ಲ ಮುಗ್ಗಲು ಗೋಣಿಯ ವಾಸನೆ. "ಮಲೆನಾಡಲ್ಲಿ ನಾಯಿ ನಾರದೇ ಇರತ್ತಾ? ಕೊಟ್ಟಿಗೆಯಲ್ಲಿ ಕಟ್ಟು" ಎಂದರು ಅಮ್ಮ. ನೆಂಟರೂ ಅದನ್ನೇ ಹೇಳಿದರು. ಎರಡು ಮಳೆಗಾಲ ಸೋತೆ, ಮೂರನೆಯದರಲ್ಲಿ ಗೆದ್ದೆ.

ಮೊದಲ ವರ್ಷ ವಾರಕ್ಕೆ ಎರಡು ಸಲ ಸ್ನಾನ ಮಾಡಿಸಿದೆ. ಘಮಘಮ ಶಾಂಪೂ, ಬಾಟಲಿಗೆ 400 ರೂಪಾಯಿ ಹತ್ತಿರ, ನಾಲ್ಕು ಬಾಟಲಿ ಖಾಲಿ. ಎರಡು ದಿನ ಪರಿಮಳ, ಮೂರನೇ ದಿನ ಮೊದಲಿಗಿಂತ ಜಾಸ್ತಿ ನಾತ. ಶಿವಮೊಗ್ಗಕ್ಕೆ ಕರೆದುಕೊಂಡು ಹೋಗಿ 1,200 ಕೊಟ್ಟು ತೊಳೆಸಿದ್ದೂ ಆಯಿತು. ವಾಪಸ್ ಬರುವಾಗ ಮಂಡಗದ್ದೆಯಲ್ಲಿ ಕೆಳಗಿಳಿಸಿದೆ, ಮಳೆಯಲ್ಲಿ ನೆಂದ, ಅಲ್ಲಿಗೆ ಮುಗಿಯಿತು. ಆ ವರ್ಷ ದುಡ್ಡು ಸುಮ್ಮನೆ ಹೋಯಿತು.

ಕಡಲೆಹಿಟ್ಟು ತಿಕ್ಕಿ ನೋಡಿದೆ. ಒಳಗೂದಲಲ್ಲಿ ಉಳಿದ ಹಿಟ್ಟು ಹುಳಿಯಿತು. ದಯವಿಟ್ಟು ಬೇಡ. ಅಡಿಕೆ ಸಿಪ್ಪೆಯ ಹೊಗೆ ಕೊಟ್ಟೆ, ಸೀನಿ ಸೀನಿ ಓಡಿಹೋದ.

ಪಶುವೈದ್ಯರು ಚರ್ಮದಲ್ಲಿ ಯೀಸ್ಟ್ (ಒಂದು ಬಗೆಯ ಶಿಲೀಂಧ್ರ) ಜಾಸ್ತಿಯಾಗಿದೆ ಎಂದು ಔಷಧಿ ಶಾಂಪೂ ಬರೆದುಕೊಟ್ಟರು. ಅದೂ ಕೆಲಸ ಮಾಡಲಿಲ್ಲ. ತಪ್ಪು ನನ್ನದೇ. ಹಚ್ಚಿ ಎರಡೇ ನಿಮಿಷಕ್ಕೆ ತೊಳೆಯುತ್ತಿದ್ದೆ. ಅದು ಮೈಮೇಲೆ ಹತ್ತು ನಿಮಿಷ ಇರಬೇಕು. ಈಗ ಬಚ್ಚಲಲ್ಲಿ ಗಡಿಯಾರ ನೇತುಹಾಕಿದ್ದೇನೆ. ವಾರಕ್ಕೊಂದರಂತೆ ನಾಲ್ಕು ಸಲ ಹಾಗೆ ಮಾಡಿದೆ, ಆಮೇಲೆ ತಿಂಗಳಿಗೊಂದು ಸ್ನಾನ ಸಾಕಾಯಿತು.

ಆದರೆ ನಿಜವಾದ ಗೆಲುವು ಒಣಗಿಸುವುದರಲ್ಲಿ. ಮೇಲ್ಗೂದಲು ಒಣಗಿದರೂ ಬುಡ ಒದ್ದೆ ಇರುತ್ತದೆ, ಬೆರಳು ಹಾಕಿದರೆ ತಣ್ಣಗೆ ಸಿಗುತ್ತದೆ. ಹಳೆಯ ಕಾಟನ್ ಪಂಚೆ ಒತ್ತಿ ನೀರು ಹೀರಿಸುತ್ತೇನೆ, ಉಜ್ಜುವುದಿಲ್ಲ. ಆಮೇಲೆ ಕಂಪ್ಯೂಟರ್ ಧೂಳು ಊದುವ ಕೈ ಬ್ಲೋವರ್. 1,300 ಏನೋ ಕೊಟ್ಟೆ. ಬಚ್ಚಲ ಒಲೆಯ ಬಿಸಿ ಇರುವಾಗಲೇ, ಒಲೆಯಿಂದ ನಾಲ್ಕು ಅಡಿ ದೂರ ಕೂರಿಸಿ, ಕೂದಲಿಗೆ ಎದುರಾಗಿ ತಣ್ಣನೆ ಗಾಳಿ. ಇಪ್ಪತ್ತು ನಿಮಿಷ ಬೇಕು. ಸದ್ದಿಗೆ ಹೆದರದಂತೆ ಮಾಡಲು ವಾರ ಹಿಡಿಯಿತು. ಪಕ್ಕದ ಮನೆಯವರು ನಕ್ಕರು. ಸ್ನಾನ ಇರಲಿ ಬಿಡಲಿ, ನೆಂದು ಬಂದ ದಿನವೆಲ್ಲ ಇದು ತಪ್ಪಿಸುವುದಿಲ್ಲ.

ಇನ್ನೊಂದು ಸಂಗತಿ ಬಹಳ ತಡವಾಗಿ ಗೊತ್ತಾಯಿತು. ಒಂದು ದಿನ ಸುಮ್ನೆ ಅವನ ನೈಲಾನ್ ಬೆಲ್ಟ್ ಮೂಸಿದೆ. ಅರ್ಧ ನಾತ ಅದರಲ್ಲೇ ಇತ್ತು! ಮಲಗುವ ಗೋಣಿಯಲ್ಲಿ ಇನ್ನರ್ಧ. ಗೋಣಿ ಎಸೆದು ಹಳೆಯ ಬೆಡ್‌ಶೀಟ್ ಮೂರು ಜೊತೆ ಮಾಡಿದೆ. ವಾರಕ್ಕೊಮ್ಮೆ ಕುದಿಯುವ ನೀರಲ್ಲಿ ನೆನೆಸಿ ಒಗೆದು, ಅಡಿಕೆ ಬೇಯಿಸುವ ಒಲೆಯ ಮೇಲುಗಡೆ ಒಣಗಿಸುತ್ತೇವೆ.

ಸತ್ತ ಹೆಗ್ಗಣದ ಮೇಲೆ ಹೊರಳಿ ಬಂದ ದಿನ ಮಾತ್ರ ಬೇರೆ ದಾರಿ ಹಿಡಿದೆ. ಮೆಡಿಕಲ್‌ನಲ್ಲಿ ಸಿಗುವ ಹೈಡ್ರೋಜನ್ ಪೆರಾಕ್ಸೈಡ್ ಸಾಮಾನ್ಯವಾಗಿ ಶೇ 6ರದ್ದು. ಸಮ ನೀರು ಬೆರೆಸಿ ಶೇ 3ಕ್ಕೆ ಇಳಿಸಿ. ಆ ಒಂದು ಲೀಟರಿಗೆ ಕಾಲು ಕಪ್ ಅಡುಗೆ ಸೋಡಾ, ಒಂದು ಟೀ ಚಮಚ ಪಾತ್ರೆ ತೊಳೆಯುವ ಲಿಕ್ವಿಡ್. ಬಕೆಟ್‌ನಲ್ಲಿ ಬೆರೆಸಿದ ತಕ್ಷಣ ಹಚ್ಚಿ, ಐದು ನಿಮಿಷಕ್ಕೆ ತೊಳೆದೆ. ನಾತ ಹೋಯಿತು. ಕಣ್ಣು, ಬಾಯಿ, ಗಾಯಕ್ಕೆ ತಾಗಿಸಬೇಡಿ. ಮಿಕ್ಕಿದ್ದನ್ನು ಬಾಟಲಿಗೆ ತುಂಬಲೇಬೇಡಿ, ಅನಿಲ ತುಂಬಿ ಒಡೆಯುತ್ತದೆ. ಕಪ್ಪು ಕೂದಲು ಕೆಂಪಾಗುವುದೂ ಉಂಟು.

ಕೊನೆಯ ನೀರಿಗೆ ನಾನು ತೋಟದ ಒಂದು ಎಲೆ ಹಾಕುತ್ತೇನೆ. ಅದನ್ನು ಇಲ್ಲಿ ಬರೆಯುವುದಿಲ್ಲ, ಇನ್ನೊಂದು ಮಳೆಗಾಲ ನೋಡಬೇಕು.

ನಕ್ಕ ಪಕ್ಕದ ಮನೆಯವರೇ ಕಳೆದ ತಿಂಗಳು ಬ್ಲೋವರ್ ಕೇಳಿಕೊಂಡು ಬಂದಿದ್ದರು. ಕರಿಯ ಈಗ ಮಲಗುವುದು ಅಮ್ಮನ ಕುರ್ಚಿಯ ಪಕ್ಕ.