ರಾಕ್ ಆಲ್ಬಮ್ ಕೇಳಿ ಅನಿಸಿಕೆ ಬರೆಯುವ ಬಗೆ

ರಾಕ್ ಅಥವಾ ಆಲ್ಟರ್ನೇಟಿವ್ ಆಲ್ಬಮ್ ಒಂದನ್ನು ಕೇಳಿ ಮುಗಿಸಿದ ಕೂಡಲೇ ನಮಗೆ ತೋಚುವ ಪದಗಳು 'ಅದ್ಭುತ', 'ನೀರಸ', 'ಒರಟು' ಎಂಬಂಥವು. ಅವು ಪ್ರಾಮಾಣಿಕವಾಗಿಯೇ ಇರಬಹುದು; ಆದರೆ ಆ ಆಲ್ಬಮನ್ನು ಕೇಳದವರಿಗೆ ಅವುಗಳಿಂದ ಏನೂ ತಿಳಿಯುವುದಿಲ್ಲ. ಹಾಗೆ ಅನ್ನಿಸಿದ್ದು ಯಾವ ಹಾಡಿನ ಯಾವ ಸದ್ದಿನಿಂದ ಎಂದು ಹುಡುಕಿ ಅದನ್ನು ಬರೆದರೆ ಮಾತ್ರ ಓದುಗರು ಒಪ್ಪಲೂ ಬಹುದು, ಜಗಳವಾಡಲೂ ಬಹುದು.

ಮೊದಲ ಸಲ ಕೇಳುವಾಗ ಏನನ್ನೂ ಬರೆಯಬೇಡಿ. ಆಪ್‌ನಲ್ಲಿ ಹಾಡುಗಳ ಕ್ರಮ ಕಲಸುವ ಶಫಲ್ ಮತ್ತು ಒಂದು ಹಾಡಿನ ಕೊನೆಯನ್ನು ಮುಂದಿನದರ ಆರಂಭದೊಂದಿಗೆ ಬೆರೆಸುವ ಕ್ರಾಸ್‌ಫೇಡ್ ಎರಡನ್ನೂ ನಿಲ್ಲಿಸಿ, ಮೊದಲಿನಿಂದ ಕೊನೆಯವರೆಗೆ ಒಂದೇ ಕೂತಿನಲ್ಲಿ ಕೇಳಿ. ಪಿಂಕ್ ಫ್ಲಾಯ್ಡ್ ತಂಡದ 'ದ ಡಾರ್ಕ್ ಸೈಡ್ ಆಫ್ ದ ಮೂನ್' (1973) ಎದೆಬಡಿತದ ಸದ್ದಿನಿಂದ ಆರಂಭವಾಗಿ ಅದೇ ಸದ್ದಿನಲ್ಲಿ ಮುಗಿಯುತ್ತದೆ. ಹಾಡುಗಳ ಕ್ರಮ ಕೆಡಿಸಿ ಕೇಳಿದವರಿಗೆ ಆ ವೃತ್ತ ಕೂಡಿದ್ದೇ ಗೊತ್ತಾಗುವುದಿಲ್ಲ. ನೀವು ಕೇಳುತ್ತಿರುವುದು ಮೂಲ ಆವೃತ್ತಿಯೋ ಸದ್ದನ್ನು ಮತ್ತೆ ಹೊಂದಿಸಿ ಹೊರತಂದ ರೀಮಾಸ್ಟರೋ ಎಂಬುದನ್ನೂ ಗುರುತಿಟ್ಟುಕೊಳ್ಳಿ, ಏಕೆಂದರೆ ಎರಡರ ಸದ್ದು ಕೆಲವೊಮ್ಮೆ ಗಣನೀಯವಾಗಿ ಬೇರೆಯಾಗಿರುತ್ತದೆ.

ಎರಡನೆಯ ಸಲ ಕಾಗದ ಇಟ್ಟುಕೊಂಡು, ಗಮನ ಸೆಳೆದ ಕಡೆಯಲ್ಲೆಲ್ಲ ನಿಮಿಷ ಮತ್ತು ಸೆಕೆಂಡನ್ನಷ್ಟೇ ಗುರುತು ಮಾಡಿ. ಮೂರನೆಯ ಸಲ ಒಂದೇ ವಾದ್ಯದ ಬೆನ್ನು ಹತ್ತಿ. ನಾನು ಸಾಮಾನ್ಯವಾಗಿ ತಗ್ಗಿನ ಸ್ವರಗಳನ್ನು ನುಡಿಸುವ ಬೇಸ್ ಗಿಟಾರನ್ನು ಆರಿಸಿಕೊಳ್ಳುತ್ತೇನೆ. ಕಿವಿ ತಾನಾಗಿ ಅತ್ತ ಹೋಗದ ಕಾರಣ, ಹಾಡನ್ನು ನಿಜವಾಗಿ ಮುಂದೆ ಒಯ್ಯುತ್ತಿರುವುದು ಯಾವುದೆಂದು ಆಗಲೇ ಹೊಳೆಯುತ್ತದೆ.

ಕಿವಿ ಪಳಗಲು ಹೋಲಿಕೆಯಷ್ಟು ಒಳ್ಳೆಯ ಅಭ್ಯಾಸ ಇನ್ನೊಂದಿಲ್ಲ, ಮತ್ತು ಅದಕ್ಕೆ ನಾನು ಎಲ್ಲರಿಗೂ ಸೂಚಿಸುವುದು ಒಂದೇ ಜೋಡಿಯನ್ನು. ಪಿಜೆ ಹಾರ್ವೆ ಅವರ 'ರಿಡ್ ಆಫ್ ಮಿ' ಮತ್ತು ನಿರ್ವಾಣ ತಂಡದ 'ಇನ್ ಯೂಟೆರೋ' ಎರಡೂ 1993ರಲ್ಲಿ ಬಿಡುಗಡೆಯಾದವು. ಎರಡನ್ನೂ ಅಮೆರಿಕದ ಮಿನ್ನೆಸೋಟದ ಪ್ಯಾಕಿಡರ್ಮ್ ಸ್ಟುಡಿಯೋದಲ್ಲಿ, ಕೆಲವೇ ತಿಂಗಳ ಅಂತರದಲ್ಲಿ ಧ್ವನಿಮುದ್ರಿಸಿದವರು ಸ್ಟೀವ್ ಆಲ್ಬಿನಿ. ಡ್ರಮ್ಸ್‌ನ ಜೊತೆಗೆ ಅದು ಇರುವ ಕೋಣೆಯ ಸದ್ದನ್ನೂ ಮೈಕ್‌ಗಳಲ್ಲಿ ಹಿಡಿಯುವುದು, ಗಾಯನವನ್ನು ವಾದ್ಯಗಳ ಮೇಲೆ ಎತ್ತಿ ಕೂರಿಸದೆ ಅವುಗಳ ನಡುವೆಯೇ ಬಿಡುವುದು ಅವರ ರೀತಿಯಾಗಿತ್ತು. 'ರಿಡ್ ಆಫ್ ಮಿ'ಯ ಮೊದಲ ಹಾಡು ಎಷ್ಟು ಮೆಲ್ಲಗೆ ಶುರುವಾಗುತ್ತದೆಂದರೆ ಕೈ ತಾನಾಗಿ ವಾಲ್ಯೂಮ್ ಕಡೆಗೆ ಹೋಗುತ್ತದೆ, ಮತ್ತು ಸ್ವಲ್ಪ ಹೊತ್ತಿನಲ್ಲೇ ಇಡೀ ತಂಡ ಒಮ್ಮೆಗೇ ಅಪ್ಪಳಿಸುತ್ತದೆ. ಮೊದಲ ಸಲ ನಾನು ಬೆಚ್ಚಿ ಹೆಡ್‌ಫೋನ್ ಕಿತ್ತಿದ್ದೆ. ಆ ಬೆಚ್ಚುವಿಕೆಯನ್ನು ಯೋಚಿಸಿಯೇ ಹಾಗೆ ಕಟ್ಟಿದ್ದಾರೆಂದು ಅರಿತದ್ದು ಆಮೇಲೆ. 'ಇನ್ ಯೂಟೆರೋ'ದಲ್ಲಿ 'ಸೆಂಟ್‌ಲೆಸ್ ಅಪ್ರೆಂಟಿಸ್' ಹಾಡನ್ನು ತೆರೆಯುವ ಡ್ರಮ್ಸ್ ಕೇಳಿ, ಬಳಿಕ ಅದೇ ಆಲ್ಬಮ್‌ನಲ್ಲಿ ಸ್ಕಾಟ್ ಲಿಟ್ ಮರುಮಿಕ್ಸ್ ಮಾಡಿದ, ಅಂದರೆ ಗಾಯನ ಮತ್ತು ವಾದ್ಯಗಳ ಪ್ರಮಾಣವನ್ನು ಮತ್ತೆ ಹೊಂದಿಸಿದ, 'ಹಾರ್ಟ್-ಶೇಪ್ಡ್ ಬಾಕ್ಸ್'ಗೆ ಬನ್ನಿ. ಗಾಯನ ತುಸು ಮುಂದೆ ಬಂದಿರುವುದೂ ಒಟ್ಟು ಸದ್ದು ನಯವಾಗಿರುವುದೂ ಕೇಳಿಸುತ್ತದೆ. ಇವೆರಡರ ಬೆನ್ನಿಗೇ ನಿರ್ವಾಣದ್ದೇ ಆದ, ಬುಚ್ ವಿಗ್ ನಿರ್ಮಿಸಿದ, ಆ್ಯಂಡಿ ವಾಲೆಸ್ ಮಿಕ್ಸ್ ಮಾಡಿದ 'ನೆವರ್‌ಮೈಂಡ್' (1991) ಹಾಕಿದರೆ, ಅದೇ ತಂಡ ಎಷ್ಟು ಹೊಳಪಾಗಿ ಕೇಳಿಸಬಲ್ಲದೆಂಬುದು ತಿಳಿಯುತ್ತದೆ. ಹೊಳಪು ಕೆಟ್ಟದ್ದೇನಲ್ಲ, ಆದರೂ ನನ್ನ ಮನಸ್ಸು ಒಲಿಯುವುದು ಕೋಣೆಯ ಗಾಳಿ ಕೇಳಿಸುವ ಮುದ್ರಣಕ್ಕೇ.

ಹೀಗೆ ಹೋಲಿಸುವಾಗ ಎರಡರ ಗಾಯನವೂ ಸುಮಾರು ಒಂದೇ ಎತ್ತರದಲ್ಲಿ ಕೇಳಿಸುವಂತೆ ವಾಲ್ಯೂಮ್ ಹೊಂದಿಸಿಕೊಳ್ಳುವುದನ್ನು ಮರೆಯಬಾರದು. ಜೋರಾಗಿರುವುದೇ ಚೆನ್ನಾಗಿದೆ ಎಂದು ಕಿವಿ ಸುಲಭವಾಗಿ ಮೋಸಹೋಗುತ್ತದೆ. ಮೆಟಾಲಿಕಾ ತಂಡದ 'ಡೆತ್ ಮ್ಯಾಗ್ನೆಟಿಕ್' (2008) ಆಲ್ಬಮನ್ನು ಸದ್ದು ಒಡೆಯುವಷ್ಟು ಜೋರಾಗಿ ಮಾಸ್ಟರ್ ಮಾಡಿದ್ದರೆಂದು (ಬಿಡುಗಡೆಗೆ ಮುನ್ನ ಒಟ್ಟು ಸದ್ದನ್ನು ಅಂತಿಮಗೊಳಿಸಿದ್ದರೆಂದು) ಕೇಳುಗರೇ ಆಕ್ಷೇಪಿಸಿದ್ದರು. ನಾಲ್ಕನೆಯ ಹಾಡಿನ ಹೊತ್ತಿಗೆ ನಿಮಗೆ ದಣಿವಾದರೆ ಅದನ್ನೂ ಬರೆಯಿರಿ. ಅದೂ ಒಂದು ಅನಿಸಿಕೆಯೇ.

ಕೆಲವು ಆಲ್ಬಮ್‌ಗಳು ಮೂರು ಸಲ ಕೇಳಿದರೂ ಬಾಗಿಲು ತೆರೆಯುವುದಿಲ್ಲ. ಮೈ ಬ್ಲಡಿ ವ್ಯಾಲೆಂಟೈನ್ ತಂಡದ 'ಲವ್‌ಲೆಸ್' (1991) ನನಗೆ ಮೊದಲು ಬರೀ ಗದ್ದಲವಾಗಿ ಕೇಳಿಸಿತ್ತು. ತಂಡದ ಗಿಟಾರ್ ವಾದಕ ಕೆವಿನ್ ಶೀಲ್ಡ್ಸ್, ತಂತಿಗಳ ಬಿಗಿಯನ್ನು ಬದಲಿಸುವ ಟ್ರೆಮೊಲೊ ಕೋಲನ್ನು ಹಿಡಿದುಕೊಂಡೇ ತಂತಿ ಮೀಟುತ್ತಾರೆ, ಹಾಗಾಗಿ ಸ್ವರ ಎಲ್ಲೂ ನಿಲ್ಲದೆ ಓಲಾಡುತ್ತದೆ ಎಂದು ತಿಳಿದ ಮೇಲೆ, ಆ ಓಲಾಟದೊಳಗೆ ಹುದುಗಿದ್ದ ಗಾಯನದ ರಾಗ ಒಂದೊಂದಾಗಿ ಬಿಡಿಸಿಕೊಂಡಿತು. ಇಂಥ ಆಲ್ಬಮ್ ಎದುರಾದಾಗ ಅದನ್ನು ಹೇಗೆ ನುಡಿಸಿದ್ದಾರೆಂದು ಒಂದಿಷ್ಟು ಓದಿಕೊಂಡು, ವಾರ ಬಿಟ್ಟು ಮತ್ತೆ ಕೇಳಿ.

ಸಾಹಿತ್ಯವನ್ನು ಕೊನೆಗೆ ಓದಿದರೆ ಸಾಕು. ಬರೆಯಲು ಕೂತಾಗ ಗುರುತು ಮಾಡಿದ ಕ್ಷಣಗಳಲ್ಲಿ ಎರಡು ಮೂರನ್ನಷ್ಟೇ ಆರಿಸಿಕೊಂಡು, ಹಾಡಿನ ಹೆಸರು ಹೇಳಿ, ಅಲ್ಲಿ ಏನಾಗುತ್ತದೆಂದು ಮೊದಲು ವಿವರಿಸಿ, ಅದು ನಿಮ್ಮಲ್ಲಿ ಹುಟ್ಟಿಸಿದ ಭಾವವನ್ನು ಅನಂತರ ಹೇಳಿ. ಹಿಡಿಸದ ಹಾಡಿಗೂ ಇದೇ ಕ್ರಮವನ್ನು ಅನುಸರಿಸಿ. ಕೇಳಿದ ದಿನಾಂಕವನ್ನು ಕೆಳಗೆ ನಮೂದಿಸಿದರೆ, ವರ್ಷದ ಬಳಿಕ ಅದೇ ಆಲ್ಬಮ್ ಕೇಳಿ ಬೇರೆಯದೇ ಅನಿಸಿದಾಗ ಹೊಸ ಬರಹವನ್ನು ಹಳೆಯದರ ಪಕ್ಕದಲ್ಲೇ ಇಡಬಹುದು.